ಪೋಲಿ ಜೋಕಿನ ಪಕ್ಕದಲ್ಲೇ ಅಳು: ಟೀನ್ ಕಾಮಿಡಿ ಸಿನಿಮಾ ಕೆಲಸ ಮಾಡುವುದು ಹೇಗೆ?

ಮಗನೋ ಮಗಳೋ ಕೋಣೆಯಲ್ಲಿ ಕೂತು ಸಿನಿಮಾ ನೋಡುತ್ತಿರುತ್ತಾರೆ. ಅಪ್ಪನೋ ಅಮ್ಮನೋ ಒಳಗೆ ಬರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಪರದೆ ಮೇಲೆ ಯಾರೋ ವಾಂತಿ ಮಾಡುತ್ತಿರುತ್ತಾರೆ, ಇಲ್ಲವೇ ಬಾಯಿಗೆ ಬಂದ ಪೋಲಿ ಮಾತಾಡುತ್ತಿರುತ್ತಾರೆ. 'ಇಂಥದ್ದನ್ನಾ ನೋಡೋದು?' ಅನ್ನುವ ಪ್ರಶ್ನೆ ಬರುತ್ತದೆ. 'ಇಲ್ಲ, ಇದು ಒಳ್ಳೆ ಸಿನಿಮಾ, ಕೊನೇಲಿ ಅಳು ಬರುತ್ತೆ' ಅನ್ನುವ ಉತ್ತರ ಬರುತ್ತದೆ.

ಇಬ್ಬರು ಹೇಳಿದ್ದೂ ನಿಜ. ಹದಿಹರೆಯದವರ ಬಗ್ಗೆ ಅಮೆರಿಕದಲ್ಲಿ ತಯಾರಾದ ಎಷ್ಟೋ ಕಾಮಿಡಿ ಸಿನಿಮಾಗಳಲ್ಲಿ ಹೇಸಿಗೆ ಹುಟ್ಟಿಸುವ ಜೋಕೂ ಇರುತ್ತದೆ, ಗಂಟಲು ಕಟ್ಟಿಸುವ ದೃಶ್ಯವೂ ಇರುತ್ತದೆ. ಕೆಲವೊಮ್ಮೆ ಎರಡರ ನಡುವೆ ಅರ್ಧ ನಿಮಿಷವೂ ಇರುವುದಿಲ್ಲ. ಈಗ ಇವು ಒಟಿಟಿಯಿಂದ ಮನೆಮನೆಗೂ ಬಂದಿವೆ. ಇವುಗಳಲ್ಲಿ ಪೋಲಿತನ ಯಾಕಿರುತ್ತದೆ, ಅದರ ಜೊತೆ ಗಂಭೀರ ಕಥೆ ಹೇಗೆ ಸೇರುತ್ತದೆ, ಕೆಲವು ಸಿನಿಮಾಗಳಲ್ಲಿ ಎರಡೂ ಹೊಂದಿಕೊಂಡರೆ ಇನ್ನು ಕೆಲವಲ್ಲಿ ಯಾಕೆ ಕಸಿವಿಸಿಯಾಗುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ಯಾವ ಬಗೆಯ ಸಿನಿಮಾ ಇದು?

ಕಥೆಯ ಹುಡುಗ ಹುಡುಗಿಯರಿಗೆ ಹೆಚ್ಚುಕಡಿಮೆ 14ರಿಂದ 18 ವರ್ಷ. ಓದುತ್ತಿರುವುದು ಹೈಸ್ಕೂಲಿನಲ್ಲಿ. ಅಮೆರಿಕದಲ್ಲಿ ಹೈಸ್ಕೂಲು ಅಂದರೆ ನಾಲ್ಕು ವರ್ಷ, ಮುಗಿಯುವಾಗ ಸುಮಾರು 18 ತುಂಬಿರುತ್ತದೆ. ಆಮೇಲೆ ಒಬ್ಬೊಬ್ಬರು ಒಂದೊಂದು ಊರಿನ ಕಾಲೇಜಿಗೆ ಹೋಗುತ್ತಾರೆ. ಹಾಗಾಗಿ ಕೊನೆಯ ವರ್ಷ ಅನ್ನುವುದೇ ಒಂದು ಗಡುವು. ಚಿಕ್ಕಂದಿನಿಂದ ಜೊತೆಗಿದ್ದ ಸ್ನೇಹಿತರು ಬೇರೆಯಾಗಲೇಬೇಕು. ಕಥೆಗಾರನಿಗೆ ಇಷ್ಟು ಸಿಕ್ಕರೆ ಸಾಕು. ದುಃಖ ಆಗಲೇ ಸಿದ್ಧವಾಗಿರುತ್ತದೆ, ಯಾರೂ ಸಾಯಬೇಕಿಲ್ಲ.

ಪಾತ್ರಗಳ ಗುರಿ ಮಾತ್ರ ತೀರಾ ಚಿಕ್ಕದು. ಒಂದು ಪಾರ್ಟಿಗೆ ಹೋಗಬೇಕು. ಇಷ್ಟಪಟ್ಟವರ ಹತ್ತಿರ ಮಾತಾಡಬೇಕು. ಶಾಲೆಯ ಕೊನೆಯ ನೃತ್ಯದ ಸಂಜೆಗೆ, ಅಂದರೆ ಪ್ರಾಮ್‌ಗೆ, ಜೋಡಿ ಹುಡುಕಿಕೊಳ್ಳಬೇಕು. ದೊಡ್ಡವರ ಕಣ್ಣಿಗೆ ಇವೆಲ್ಲ ಸಣ್ಣ ವಿಷಯ. ಆ ವಯಸ್ಸಿನವರಿಗೆ ಇದೇ ಪ್ರಪಂಚ.

ಪೋಲಿ ಹಾಸ್ಯ ಅಂದಾಗ ಮೂರು ಬಗೆಯದು ಬರುತ್ತದೆ: ದೇಹದಿಂದ ಹೊರಬರುವ ಎಲ್ಲದರ ಮೇಲಿನ ಜೋಕು, ಲೈಂಗಿಕ ಮಾತು, ಬೈಗುಳ. ಡ್ರಾಮಾ ಅಂದರೆ ಗೆಳೆತನ ಮುರಿಯುವುದು, ಮೋಸ ಹೋಗುವುದು, ಬೇಡದ ಗರ್ಭ, ಮನೆಯೊಳಗಿನ ಬಿರುಕು.

ಹೇಸಿಗೆಗೆ ನಗು ಬರುವುದೇಕೆ?

ಹಾಸ್ಯ ಮತ್ತು ಬೀಭತ್ಸ ಎರಡನ್ನೂ ರಸಗಳ ಪಟ್ಟಿಯಲ್ಲಿ ಇಟ್ಟವರು ನಾವು. ನಾಟ್ಯಶಾಸ್ತ್ರ ನಗುವಿನಲ್ಲೇ ಆರು ಮೆಟ್ಟಿಲು ಹೇಳುತ್ತದೆ. ಹಲ್ಲು ಕಾಣದ ಸ್ಮಿತದಿಂದ ಹಿಡಿದು ಮೈಯೆಲ್ಲ ಅಲುಗುವ ಅತಿಹಸಿತದವರೆಗೆ. ಪೋಲಿ ಹಾಸ್ಯ ಗುರಿಯಿಡುವುದು ಆ ಕೊನೆಯ ಮೆಟ್ಟಿಲಿಗೆ. ಆದರೆ ಹೇಸಿಗೆ ಹುಟ್ಟಿಸಬೇಕಾದದ್ದು ನಗು ಯಾಕೆ ಹುಟ್ಟಿಸುತ್ತದೆ?

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಸರಳ ಉತ್ತರವಿದೆ. ಪೀಟರ್ ಮೆಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಇದನ್ನು ಮುಂದಿಟ್ಟರು. ಅವರ ಪ್ರಕಾರ ನಗು ಬರಬೇಕಾದರೆ ಎರಡು ಭಾವನೆ ಒಟ್ಟಿಗೇ ಹುಟ್ಟಬೇಕು. 'ಅಯ್ಯೋ, ಹೀಗಾಗಬಾರದಿತ್ತು' ಅನ್ನಿಸಬೇಕು. ಜೊತೆಗೆ 'ಪರವಾಗಿಲ್ಲ ಬಿಡು, ಯಾರಿಗೂ ಏನೂ ಆಗಿಲ್ಲ' ಅಂತಲೂ ಅನ್ನಿಸಬೇಕು. ಮೊದಲನೆಯದು ಮಾತ್ರ ಇದ್ದರೆ ಗಾಬರಿ. ಎರಡನೆಯದು ಮಾತ್ರ ಇದ್ದರೆ ಬೋರು.

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದಿನದಕ್ಕೆಲ್ಲ ಇದೇ ಆಧಾರ. ಒಂದು ಘಟನೆಯಿಂದ ಆ 'ಪರವಾಗಿಲ್ಲ' ಅನ್ನುವುದನ್ನು ಕಿತ್ತುಹಾಕಿದರೆ ಏನಾಗುತ್ತದೆ? ಅದೇ ಘಟನೆ ಡ್ರಾಮಾ ಆಗುತ್ತದೆ. ತರಗತಿಯ ಮುಂದೆ ಹುಡುಗನ ಪ್ಯಾಂಟು ಜಾರಿತು ಅನ್ನಿ, ನಗುತ್ತೇವೆ. ಮಾರನೇ ದಿನ ಅವನು ಶಾಲೆಗೆ ಬರಲೇ ಇಲ್ಲ ಅನ್ನುವುದನ್ನು ಸಿನಿಮಾ ತೋರಿಸಿದರೆ ಆ ನಗು ನಮಗೇ ಚುಚ್ಚುತ್ತದೆ. ಘಟನೆ ಒಂದೇ. ಸಿನಿಮಾ ಎಲ್ಲಿಯವರೆಗೆ ಅವನ ಜೊತೆ ನಿಂತಿತು ಅನ್ನುವುದು ಮಾತ್ರ ಬೇರೆ.

ಎರಡಕ್ಕೂ ಬೇರು ನಾಚಿಕೆಯೇ

ಹದಿಹರೆಯದಲ್ಲಿ ದೇಹ ಕೇಳದೇ ಬದಲಾಗುತ್ತದೆ. ದನಿ ಒಡೆಯುತ್ತದೆ, ಮೊಡವೆ ಏಳುತ್ತದೆ, ಬೇಡದ ಹೊತ್ತಲ್ಲಿ ಮೈ ಮಾತು ಕೇಳುವುದಿಲ್ಲ. ಇದೆಲ್ಲ ಆಗುವುದು ಗೆಳೆಯರ ಕಣ್ಣೆದುರಿಗೇ. ಆ ಕಣ್ಣುಗಳ ತೂಕ ಎಷ್ಟು ಅನ್ನುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಮುಂದೆ ಆಡಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಜಾಸ್ತಿ ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಆ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ಮಾನ ಹೋಗುವುದು ನಿಜಕ್ಕೂ ದೊಡ್ಡ ಆಪತ್ತು. ಪೋಲಿ ಜೋಕು ಹುಟ್ಟುವುದು ಈ ಭಯದಿಂದ. ಡ್ರಾಮಾ ಹುಟ್ಟುವುದೂ ಇದರಿಂದಲೇ. ಒಳ್ಳೆಯ ಟೀನ್ ಕಾಮಿಡಿಯಲ್ಲಿ ಎರಡನ್ನೂ ಬಿಡಿಸಲು ಆಗದೇ ಇರುವುದಕ್ಕೆ ಇದೇ ಕಾರಣ. ಜೋಕುಗಳನ್ನು ಸುಮ್ನೆ ಜನರನ್ನು ಸೆಳೆಯೋಕೆ ಸೇರಿಸಿದ್ದಾರೆ, ಅವನ್ನು ತೆಗೆದರೆ ಒಳ್ಳೆ ಕಥೆ ಉಳಿಯುತ್ತದೆ ಅಂತ ತುಂಬ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತೆಗೆದರೆ ಕಥೆಯ ಅರ್ಧ ಬಲವೂ ಹೋಗುತ್ತದೆ.

ಇದಕ್ಕೆ 1982ರ 'ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ' ನೋಡಿ. ಏಮಿ ಹೆಕರ್ಲಿಂಗ್ ನಿರ್ದೇಶಿಸಿದ ಮೊದಲ ಕಥಾಚಿತ್ರ. ಬರೆದವರು ಕ್ಯಾಮರಾನ್ ಕ್ರೋ. ಅವರು ಒಂದು ಹೈಸ್ಕೂಲಿನಲ್ಲಿ ವಿದ್ಯಾರ್ಥಿಯಂತೆ ಕಾಲ ಕಳೆದು, ಕಂಡದ್ದನ್ನು ಪುಸ್ತಕ ಮಾಡಿದ್ದರು. ಸಿನಿಮಾ ಬಂದದ್ದು ಅದರಿಂದ. ಇದರಲ್ಲಿ ಬ್ರ್ಯಾಡ್ ಅನ್ನುವ ಹುಡುಗನಿದ್ದಾನೆ. ಅವನಿಗೆ ತಂಗಿಯ ಗೆಳತಿಯ ಮೇಲೆ ಮನಸ್ಸು. ಯಾರೂ ನೋಡಬಾರದಂಥ ಗಳಿಗೆಯಲ್ಲಿ, ಬಾತ್‌ರೂಮಿನಲ್ಲಿ, ಅವಳ ಕಣ್ಣಿಗೇ ಸಿಕ್ಕಿಬೀಳುತ್ತಾನೆ. ಈ ಬಗೆಯ ಸಿನಿಮಾಗಳ ಚರಿತ್ರೆಯಲ್ಲೇ ಹೆಸರುವಾಸಿ ಮುಜುಗರ ಅದು.

ಅದೇ ಸಿನಿಮಾದಲ್ಲಿ ಬ್ರ್ಯಾಡ್‌ನ ತಂಗಿ ಸ್ಟೇಸಿ ಗರ್ಭಿಣಿಯಾಗುತ್ತಾಳೆ. ಅವಳಿಗೆ 15 ವರ್ಷ. ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತೇನೆ, ಖರ್ಚಿನಲ್ಲಿ ಅರ್ಧ ಕೊಡುತ್ತೇನೆ ಅಂದಿದ್ದ ಹುಡುಗ ಬರುವುದೇ ಇಲ್ಲ. ಬೌಲಿಂಗ್ ಆಡೋಕೆ ಹೋಗಬೇಕು ಅಂತ ಸುಳ್ಳು ಹೇಳಿ ಅಣ್ಣನ ಕಾರಿನಲ್ಲಿ ಬರುತ್ತಾಳೆ. ಅವಳು ರಸ್ತೆ ದಾಟಿ ಎದುರಿನ ಕ್ಲಿನಿಕ್ಕಿನತ್ತ ಹೋಗುವುದನ್ನು ಬ್ರ್ಯಾಡ್ ಕಾಣುತ್ತಾನೆ. ಅವಳು ಹೊರಬಂದಾಗ ಅವನು ಅಲ್ಲೇ ಕಾದಿದ್ದಾನೆ. ಬೈಯುವುದಿಲ್ಲ. ಉಪದೇಶವಿಲ್ಲ. ಯಾರು ಅಂತ ಕೇಳುತ್ತಾನೆ, ಅವಳು ಹೇಳುವುದಿಲ್ಲ, ಅಲ್ಲಿಗೆ ಬಿಡುತ್ತಾನೆ. ಅಪ್ಪ ಅಮ್ಮನಿಗೆ ಹೇಳುವುದೂ ಇಲ್ಲ.

ಮೊದಲಿನ ಪೋಲಿ ದೃಶ್ಯವಿಲ್ಲದೆ ಈ ದೃಶ್ಯ ನೋಡಿದರೆ ಬ್ರ್ಯಾಡ್ ಒಬ್ಬ ಒಳ್ಳೆಯ ಅಣ್ಣ, ಅಷ್ಟೇ. ಆದರೆ ನಾಚಿಕೆಯಿಂದ ಕುಗ್ಗಿಹೋಗುವುದು ಏನು ಅಂತ ಅವನಿಗೆ ಗೊತ್ತು, ಮತ್ತು ಅವನಿಗೆ ಗೊತ್ತು ಅನ್ನುವುದು ನಮಗೆ ಗೊತ್ತು. ಆಗ ಅವನ ಮೌನದ ಬೆಲೆಯೇ ಬೇರೆ. ನಾವು ಯಾರನ್ನು ನೋಡಿ ಬಿದ್ದುಬಿದ್ದು ನಕ್ಕೆವೋ, ಅವನು ತಂಗಿಯನ್ನು ನೋಡಿ ನಗುವುದಿಲ್ಲ. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಈ ಸಿನಿಮಾ ಸೇರಿತು.

ನಗುವಿನಿಂದ ಅಳುವಿಗೆ ದಾಟುವ ಬಗೆ

ಹಾಡುಗಾರರು ಒಂದು ರಾಗದಿಂದ ಇನ್ನೊಂದಕ್ಕೆ ದಾಟುವಾಗ ಎರಡಕ್ಕೂ ಸೇರಿದ ಒಂದು ಸ್ವರದ ಮೇಲೆ ನಿಲ್ಲುತ್ತಾರೆ. ಕೇಳುಗ ಆ ಸ್ವರ ಹಿಡಿದುಕೊಂಡಿರುವಾಗಲೇ ಸುತ್ತಲಿನದು ಬದಲಾಗಿರುತ್ತದೆ. ಈ ಸಿನಿಮಾಗಳು ಮಾಡುವುದೂ ಅದನ್ನೇ. ಎರಡಕ್ಕೂ ಸೇರಿದ ಆ ಸ್ವರ ಮುಜುಗರ.

ಕೈಚಳಕ ಎಲ್ಲಿದೆ? ಜಾಸ್ತಿ ಇರುವುದು ಎಡಿಟಿಂಗ್ ಮತ್ತು ಸದ್ದಿನಲ್ಲಿ. ಕಾಮಿಡಿಯಲ್ಲಿ ಜೋಕು ಸಿಡಿದ ಕೂಡಲೇ ಸಿನಿಮಾ ಬೇರೆಯವರ ಮುಖಕ್ಕೆ ಹೋಗುತ್ತದೆ, ಇಲ್ಲವೇ ಮುಂದಿನ ದೃಶ್ಯಕ್ಕೆ ಹಾರುತ್ತದೆ. ಅದು ನಮಗೆ ಸಿಗುವ 'ಪರವಾಗಿಲ್ಲ'. ಡ್ರಾಮಾ ಬೇಕಾದಾಗ ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ. ಜೋಕು ಮುಗಿದ ಮೇಲೂ ಅದೇ ಮುಖದ ಮೇಲೆ ಎರಡು ಮೂರು ಸೆಕೆಂಡು ಜಾಸ್ತಿ ನಿಂತರೆ ಸಾಕು, ನಗು ತಾನಾಗಿ ಇಳಿದುಹೋಗುತ್ತದೆ.

ಒಲಿವಿಯಾ ವೈಲ್ಡ್ ನಿರ್ದೇಶನದ 'ಬುಕ್‌ಸ್ಮಾರ್ಟ್' (2019) ಇದನ್ನು ಎರಡೂ ದಿಕ್ಕಿನಲ್ಲಿ ಮಾಡುತ್ತದೆ. ಇಡೀ ಹೈಸ್ಕೂಲು ಪುಸ್ತಕದಲ್ಲೇ ಮುಳುಗಿದ್ದ ಏಮಿ ಮತ್ತು ಮಾಲಿ ಅನ್ನುವ ಗೆಳತಿಯರು ಕೊನೆಯ ರಾತ್ರಿ ಪಾರ್ಟಿಗೆ ಹೊರಡುತ್ತಾರೆ. ಅಲ್ಲಿ ಏಮಿಯ ಮನಸ್ಸು ಮುರಿಯುತ್ತದೆ. ನಂತರ ಇನ್ನೊಬ್ಬ ಹುಡುಗಿಯ ಜೊತೆ ಸಿಕ್ಕ ಸಣ್ಣ ಆಪ್ತ ಗಳಿಗೆ ವಾಂತಿಯಲ್ಲಿ ಮುಗಿಯುತ್ತದೆ. ಪಕ್ಕಾ ಪೋಲಿ ಜೋಕು. ಆದರೆ ಅದೇ ಪಾರ್ಟಿಯಲ್ಲಿ ಗೆಳತಿಯರಿಬ್ಬರೂ ಎಲ್ಲರ ಮುಂದೆ ಜಗಳವಾಡುತ್ತಾರೆ. ಮಾತು ಏರುತ್ತಾ ಹೋದಂತೆ ಅವರ ದನಿಯೇ ನಮಗೆ ಕೇಳಿಸದಂತಾಗುತ್ತದೆ. ಬಾಯಿ ಮಾತ್ರ ಆಡುತ್ತಿರುತ್ತದೆ. ಸುತ್ತ ನಿಂತವರು ಒಬ್ಬೊಬ್ಬರಾಗಿ ಫೋನು ಎತ್ತಿ ವಿಡಿಯೋ ಮಾಡುತ್ತಿರುತ್ತಾರೆ. ಇಷ್ಟು ಹೊತ್ತು ನಮ್ಮನ್ನು ನಗಿಸಿದ್ದು ಇದೇ ಭಯ, ಎಲ್ಲರೂ ನೋಡಿಬಿಡುತ್ತಾರೆ ಅನ್ನುವುದು. ಈಗ ಎಲ್ಲರೂ ನೋಡುತ್ತಿದ್ದಾರೆ, ನಗು ಎಲ್ಲೂ ಇಲ್ಲ.

'ಸೂಪರ್‌ಬ್ಯಾಡ್' (2007) ಬೇರೆ ದಾರಿ ಹಿಡಿಯುತ್ತದೆ. ಸೆತ್ ರೋಗನ್ ಮತ್ತು ಎವನ್ ಗೋಲ್ಡ್‌ಬರ್ಗ್ ತಾವೇ ಹದಿಹರೆಯದಲ್ಲಿದ್ದಾಗ ಬರೆಯಲು ಶುರುಮಾಡಿದ ಕಥೆ ಇದು. ಪಾತ್ರಗಳಿಗೆ ತಮ್ಮ ಹೆಸರನ್ನೇ ಇಟ್ಟಿದ್ದಾರೆ. ಸಿನಿಮಾ ಪೂರ್ತಿ ಇಬ್ಬರು ಗೆಳೆಯರು ಹುಡುಗಿಯರ ಬಗ್ಗೆ ಬಾಯಿ ಬಿಟ್ಟರೆ ಪೋಲಿ ಮಾತೇ. ಎಷ್ಟು ಜಾಸ್ತಿ ಅಂದರೆ ಕೆಲವು ಕಡೆ ಕೇಳುವವರಿಗೆ ಸುಸ್ತಾಗುತ್ತದೆ. ಬೇರೆ ಬೇರೆ ಕಾಲೇಜಿಗೆ ಹೋಗುವ ವಿಷಯ ಮಾತ್ರ ಇಬ್ಬರೂ ಸರಿಯಾಗಿ ಎತ್ತುವುದಿಲ್ಲ. ಆಗ ಗೊತ್ತಾಗುತ್ತದೆ, ಆ ಗದ್ದಲವೆಲ್ಲ ಒಂದು ಮಾತನ್ನು ಮುಚ್ಚಿಡುವುದಕ್ಕೆ. ಕೊನೆಗೆ ರಾತ್ರಿ ಪಕ್ಕಪಕ್ಕ ಮಲಗಿದಾಗ 'ನಿನ್ನನ್ನು ಕಂಡರೆ ನನಗೆ ಪ್ರೀತಿ' ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮಾರನೇ ದಿನ ಮಾಲ್‌ನಲ್ಲಿ ಹುಡುಗಿಯರು ಸಿಗುತ್ತಾರೆ. ಎಸ್ಕಲೇಟರ್ ಇಳಿಯುತ್ತಾ ಸೆತ್ ತಿರುಗಿ ನೋಡುವುದು ಪಕ್ಕದಲ್ಲಿರುವ ಹುಡುಗಿಯನ್ನಲ್ಲ, ಮೇಲೆ ನಿಂತ ಗೆಳೆಯನನ್ನು.

ಈ ಬಗೆ ಬಂದದ್ದು ಎಲ್ಲಿಂದ?

1934ರಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಅನ್ನುವ ಕಟ್ಟುನಿಟ್ಟಿನ ನಿಯಮಾವಳಿ ಜಾರಿಯಲ್ಲಿತ್ತು. ಬೈಗುಳ, ಬೆತ್ತಲೆ, ಲೈಂಗಿಕ ಮಾತು ಯಾವುದಕ್ಕೂ ಜಾಗವಿರಲಿಲ್ಲ. 1968ರ ನವೆಂಬರ್‌ನಲ್ಲಿ ಅದು ಹೋಗಿ ವಯಸ್ಸಿನ ರೇಟಿಂಗ್ ಬಂತು. ತೋರಿಸಬೇಡಿ ಅನ್ನುವುದರ ಬದಲು ಯಾರು ನೋಡಬಹುದು ಅಂತ ಹೇಳುವ ಪದ್ಧತಿ. ಬಾಗಿಲು ತೆರೆದದ್ದು ಅಲ್ಲಿ.

1978ರ 'ಅನಿಮಲ್ ಹೌಸ್' ಕಾಲೇಜು ಹುಡುಗರ ಕಥೆ. ಸುಮಾರು 30 ಲಕ್ಷ ಡಾಲರ್ ಹಾಕಿ 10 ಕೋಟಿ ಡಾಲರ್‌ಗೂ ಮೀರಿ ಗಳಿಸಿತು. 'ಪೋರ್ಕೀಸ್' ಅದನ್ನು ಹೈಸ್ಕೂಲಿಗೆ ತಂದಿತು. ಸ್ಟುಡಿಯೋಗಳಿಗೆ ಲೆಕ್ಕ ತಕ್ಷಣ ಅರ್ಥವಾಯಿತು: ದೊಡ್ಡ ನಟರು ಬೇಡ, ಒಂದು ಶಾಲೆ, ಒಂದೆರಡು ಮನೆ ಇದ್ದರೆ ಸಾಕು. 1984ರಿಂದ ನಿರ್ದೇಶಕ ಜಾನ್ ಹ್ಯೂಸ್ ಗಂಭೀರ ಮಾತನ್ನು ಮುಂದೆ ತಂದರು. 'ದ ಬ್ರೇಕ್‌ಫಾಸ್ಟ್ ಕ್ಲಬ್' (1985) ಹೆಚ್ಚುಕಡಿಮೆ ಒಂದೇ ಲೈಬ್ರರಿಯಲ್ಲಿ ಐವರು ಕೂತು ಮಾತಾಡುವ ಸಿನಿಮಾ. 1999ರ 'ಅಮೆರಿಕನ್ ಪೈ' ಪೋಲಿತನವನ್ನು ಮತ್ತೆ ಮುಂದೆ ತಂದು, ಸುಮಾರು 1.1 ಕೋಟಿ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ 23 ಕೋಟಿ ಡಾಲರ್‌ಗೂ ಹೆಚ್ಚು ತಂದಿತು. ಕಳೆದ ಹತ್ತು ಹದಿನೈದು ವರ್ಷದಲ್ಲಿ ಹುಡುಗಿಯರೇ ಮುಖ್ಯವಾಗಿರುವ, ಹೆಂಗಸರೇ ನಿರ್ದೇಶಿಸಿದ ಸಿನಿಮಾಗಳು ಹೆಚ್ಚಾಗಿವೆ.

ಹದಿಹರೆಯದವರ ಸಿನಿಮಾ, ಹದಿಹರೆಯದವರಿಗೆ ಟಿಕೆಟ್ ಇಲ್ಲ

ಇಲ್ಲಿ ಒಂದು ವಿಚಿತ್ರವಿದೆ. ಇಂಥ ಸಿನಿಮಾಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು 'ಆರ್' ರೇಟಿಂಗ್. 17 ತುಂಬದವರು ತಂದೆ ತಾಯಿ ಅಥವಾ ಜವಾಬ್ದಾರಿ ಹೊತ್ತ ದೊಡ್ಡವರಿಲ್ಲದೆ ನೋಡುವಂತಿಲ್ಲ ಅಂತ ಅರ್ಥ. ಅದರ ಕೆಳಗಿನ 'ಪಿಜಿ-13' ಬಂದದ್ದು 1984ರಲ್ಲಿ. ಅದರಲ್ಲಿ ಲೈಂಗಿಕ ಮೂಲದ ಬೈಗುಳಕ್ಕೆ ಒಂದು ಮಿತಿಯಿದೆ. ಒಂದು ಸಲ ಬಂದರೆ ನಡೆಯಬಹುದು, ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ 'ಆರ್'. ರೇಟಿಂಗ್ ಕೊಡುವ ಮಂಡಳಿಯವರು ಮೂರನೇ ಎರಡರಷ್ಟು ಮತದಿಂದ ವಿನಾಯಿತಿ ಕೊಡಬಹುದು. 'ಅಮೆರಿಕನ್ ಪೈ'ಗೆ ಮೊದಲು ಸಿಕ್ಕದ್ದು ಇನ್ನೂ ಮೇಲಿನ 'ಎನ್‌ಸಿ-17'. ದೃಶ್ಯ ಕತ್ತರಿಸಿ ಕತ್ತರಿಸಿ 'ಆರ್'ಗೆ ಇಳಿಸಿದರು.

ಈ ಲೆಕ್ಕ ಎಷ್ಟು ವಿಚಿತ್ರ ಅನ್ನುವುದು 2018ರಲ್ಲಿ ಎದ್ದು ಕಂಡಿತು. ಬೋ ಬರ್ನಮ್ ನಿರ್ದೇಶಿಸಿದ 'ಎಯ್ತ್ ಗ್ರೇಡ್' ಎಂಟನೇ ತರಗತಿಯ ಹುಡುಗಿಯೊಬ್ಬಳ ಕಥೆ. ಅದಕ್ಕೂ 'ಆರ್'. ಕಥೆಯ ಹುಡುಗಿಯ ವಯಸ್ಸಿನವರೇ ಒಬ್ಬರೇ ಹೋಗಿ ನೋಡುವಂತಿಲ್ಲ! ವಿತರಕರಾದ ಎ24 ಆ ಆಗಸ್ಟ್‌ನಲ್ಲಿ ಒಂದು ದಿನ 50 ರಾಜ್ಯಗಳಲ್ಲೂ ರೇಟಿಂಗ್ ಪಾಲಿಸದೆ ಉಚಿತ ಪ್ರದರ್ಶನ ಇಟ್ಟರು.

ನಟಿಸುವವರ ವಿಷಯದಲ್ಲೂ ನಿಯಮಗಳಿವೆ. 18 ತುಂಬದ ನಟರು ದಿನಕ್ಕೆ ಇಷ್ಟೇ ಗಂಟೆ ಕೆಲಸ ಮಾಡಬೇಕು ಅಂತ ಕಾನೂನಿದೆ. ಹೈಸ್ಕೂಲು ಹುಡುಗರ ಪಾತ್ರದಲ್ಲಿ ಇಪ್ಪತ್ತು ದಾಟಿದವರು ಕಾಣುವುದಕ್ಕೆ ಇದೂ ಒಂದು ಕಾರಣ. 'ಸೂಪರ್‌ಬ್ಯಾಡ್' ಚಿತ್ರೀಕರಣದ ಹೊತ್ತಿಗೆ ಕ್ರಿಸ್ಟಫರ್ ಮಿಂಟ್ಸ್-ಪ್ಲಾಸ್‌ಗೆ 17 ವರ್ಷ. ಆಪ್ತ ದೃಶ್ಯವೊಂದರ ವೇಳೆ ಅವರ ತಾಯಿ ಸೆಟ್ಟಿನಲ್ಲೇ ಇರಬೇಕಾಯಿತು.

ಎಲ್ಲಿ ಎಡವುತ್ತದೆ?

ಹಳೆಯ ಸಿನಿಮಾಗಳನ್ನು ಈಗ ನೋಡಿದರೆ ಕೆಲವು ಕಡೆ ನಗು ನಿಂತುಹೋಗುತ್ತದೆ. ಕಾಲ ಬದಲಾಗಿದೆ ಅಂದುಬಿಡುವುದು ಸುಲಭ. ಆದರೆ ಅದಕ್ಕಿಂತ ಸ್ಪಷ್ಟವಾದ ಕಾರಣ ಮೇಲೆ ಹೇಳಿದ ಆ 'ಪರವಾಗಿಲ್ಲ'ದಲ್ಲಿದೆ. ಪರವಾಗಿಲ್ಲ ಅಂತ ನಿರ್ಧರಿಸಿದವರು ಯಾರು?

'ಅಮೆರಿಕನ್ ಪೈ'ಯಲ್ಲಿ ನಾಡಿಯಾ ಅನ್ನುವ ವಿದೇಶಿ ವಿದ್ಯಾರ್ಥಿನಿ ಬಟ್ಟೆ ಬದಲಿಸುವುದನ್ನು ಅವಳಿಗೇ ಗೊತ್ತಿಲ್ಲದಂತೆ ವೆಬ್‌ಕ್ಯಾಮ್ ಮೂಲಕ ಶಾಲೆಯ ಎಷ್ಟೋ ಜನ ನೋಡುತ್ತಾರೆ. ಸಿನಿಮಾ ನಗುವುದು ನಾಯಕ ಜಿಮ್‌ನ ಪೇಚಾಟಕ್ಕೆ. ನಾಡಿಯಾಳನ್ನು ಅವಳ ದೇಶಕ್ಕೆ ವಾಪಸ್ ಕಳಿಸುತ್ತಾರೆ ಅನ್ನುವುದು ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಜಿಮ್‌ನ ನಾಚಿಕೆಗೆ ಮರುದಿನವಿದೆ. ಪೇಚಿಗೆ ಸಿಕ್ಕಾಗಲೆಲ್ಲ ಪಕ್ಕ ಕೂತು ತಡವರಿಸುತ್ತಾ ಸಮಾಧಾನ ಹೇಳುವ ಅಪ್ಪನೂ ಇದ್ದಾನೆ. ಆ ಅಪ್ಪ ಮಗನ ದೃಶ್ಯಗಳು ನಿಜಕ್ಕೂ ಚೆನ್ನಾಗಿವೆ. ನಾಡಿಯಾಗೆ ಅಂಥ ಮರುದಿನವಿಲ್ಲ.

'ಸಿಕ್ಸ್‌ಟೀನ್ ಕ್ಯಾಂಡಲ್ಸ್' (1984) ಚಿತ್ರದಲ್ಲೂ ಹೀಗೇ. ಕುಡಿದು ಮೈಮೇಲೆ ಎಚ್ಚರವಿಲ್ಲದ ಹುಡುಗಿಯನ್ನು ಅವಳ ಗೆಳೆಯನೇ ಇನ್ನೊಬ್ಬ ಹುಡುಗನ ಜೊತೆ ಕಾರಿನಲ್ಲಿ ಕಳಿಸುತ್ತಾನೆ, ಅದೂ ಜೋಕಿನಂತೆ. ಆ ಸಿನಿಮಾದ ನಾಯಕಿಯಾಗಿದ್ದ ಮಾಲಿ ರಿಂಗ್‌ವಾಲ್ಡ್ 2018ರಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಹ್ಯೂಸ್ ಜೊತೆ ತಾವು ಮಾಡಿದ ಸಿನಿಮಾಗಳನ್ನು ಮತ್ತೆ ನೋಡಿ ಬರೆದರು. ಅವುಗಳ ಮೇಲಿನ ಪ್ರೀತಿಯನ್ನೂ ಬಿಡಲಿಲ್ಲ, ಇಂಥ ದೃಶ್ಯಗಳು ತಂದ ಕಸಿವಿಸಿಯನ್ನೂ ಮುಚ್ಚಿಡಲಿಲ್ಲ.

ಹಾಗಾಗಿ ಇಂಥ ಸಿನಿಮಾ ನೋಡುವಾಗ, ಅಥವಾ ಮಕ್ಕಳ ಜೊತೆ ಅದರ ಬಗ್ಗೆ ಮಾತಾಡುವಾಗ, ಜೋಕು ಎಷ್ಟು ಹೊಲಸು ಅನ್ನುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ ಇದೆ. ಮಾನ ಹೋದದ್ದು ಯಾರದ್ದು, ಆಮೇಲೆ ಅವರ ಮುಖ ನಮಗೆ ಕಾಣಿಸಿತಾ? ವಾಂತಿ ಮಾಡಿಕೊಂಡವಳು ನಾಯಕಿಯೇ ಆಗಿದ್ದು, ಕಥೆ ಅವಳ ಜೊತೆಗೇ ಮನೆಗೆ ಹೋದರೆ ಅದು ಒಂದು ಬಗೆ. ಹೆಸರೂ ಗೊತ್ತಿಲ್ಲದ ಹುಡುಗಿಯನ್ನು ನಗಿಸೋಕೆ ಬಳಸಿ ಅಲ್ಲೇ ಬಿಟ್ಟುಹೋದರೆ ಅದು ಬೇರೆಯೇ ಬಗೆ. ರೇಟಿಂಗ್ ಎರಡಕ್ಕೂ ಒಂದೇ ಇರುತ್ತದೆ.

ಸೀರೀಸ್ ಬಂದ ಮೇಲೆ

ಈ ಕಥೆಗಳಲ್ಲಿ ಎಷ್ಟೋ ಈಗ ಸಿನಿಮಾದಿಂದ ಸೀರೀಸಿಗೆ ಹೋಗಿವೆ. ಬ್ರಿಟನ್‌ನಲ್ಲಿ ತಯಾರಾಗಿ ನೆಟ್‌ಫ್ಲಿಕ್ಸ್‌ನಲ್ಲಿ 2019ರಿಂದ 2023ರವರೆಗೆ ನಾಲ್ಕು ಸೀಸನ್ ಬಂದ 'ಸೆಕ್ಸ್ ಎಜುಕೇಷನ್' ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅದರಲ್ಲಿ ಏಮಿ ಅನ್ನುವ ಹುಡುಗಿ ಮೊದಲ ಸೀಸನ್ನಿನಲ್ಲಿ ಹೆಚ್ಚಾಗಿ ನಗಿಸುವುದಕ್ಕೇ ಇದ್ದಾಳೆ. ಎರಡನೇ ಸೀಸನ್ನಿನಲ್ಲಿ ಬಸ್ಸಿನಲ್ಲಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತದೆ. ಮೊದಲಿಗೆ ಅವಳೇ ಅದನ್ನು ದೊಡ್ಡದು ಮಾಡುವುದಿಲ್ಲ, ಏನೂ ಆಗಿಲ್ಲ ಅನ್ನುವಂತೆ ಇರುತ್ತಾಳೆ. ಆಮೇಲೆ ಬಸ್ಸು ಹತ್ತೋಕೇ ಆಗದೆ ನಡೆದುಕೊಂಡು ಓಡಾಡುತ್ತಾಳೆ. ಆ ಸೀಸನ್ ಮುಗಿಯುವ ಮೊದಲು ಗೆಳತಿಯರು ಜೊತೆಗೆ ನಿಂತು ಅವಳನ್ನು ಬಸ್ಸು ಹತ್ತಿಸುತ್ತಾರೆ. ಮೂರನೇ ಸೀಸನ್ನಿನಲ್ಲಿ ಅವಳು ಥೆರಪಿಸ್ಟ್ ಹತ್ತಿರ ಹೋಗುತ್ತಾಳೆ, ಇನ್ನೂ ಪೂರ್ತಿ ಸರಿಹೋಗಿರುವುದಿಲ್ಲ. ನಡುವೆ ಅವಳು ನಗಿಸುವುದನ್ನೂ ಬಿಡುವುದಿಲ್ಲ. ನೂರು ನಿಮಿಷದ ಸಿನಿಮಾಕ್ಕೆ ಒಂದು ಮರುದಿನ ತೋರಿಸುವುದೇ ಕಷ್ಟ. ಇಲ್ಲಿ ಏಮಿಗೆ ವರ್ಷಗಟ್ಟಲೆ ಮರುದಿನಗಳು ಸಿಕ್ಕವು.